ಔಷಧಿ ಖಾಲಿ ಆದ್ಮೇಲೆ ಉಳಿಯೋ ಜೆಲ್ ಎಲ್ಲಿಗೆ ಹೋಗತ್ತೆ?

ಹೋದ ತಿಂಗಳು ಊರಿಂದ ಕಾಕಾ ಫೋನ್ ಮಾಡಿದ್ರು. ಅವರಿಗೆ ಶುಗರ್ ಇದೆ, ಮೆಟ್‌ಫಾರ್ಮಿನ್ ತಗೊಳ್ತಾರೆ, ಡಾಕ್ಟರು ಈ ಸಲ ಸಾದಾ ಮಾತ್ರೆ ಬಿಡಿಸಿ ಎಸ್‌ಆರ್ (ಸಸ್ಟೇನ್ಡ್ ರಿಲೀಸ್, ಅಂದ್ರೆ ಔಷಧಿಯನ್ನ ನಿಧಾನವಾಗಿ ಬಿಡೋದು) ಅಂತ ಇರೋದನ್ನ ಬರೆದುಕೊಟ್ಟಿದ್ದಾರೆ. ಮೊದಲು ಮಳೆ ಬೆಳೆ ಎಲ್ಲಾ ಮಾತಾಡಿ ಆಮೇಲೆ ದನಿ ಸಣ್ಣ ಮಾಡ್ಕೊಂಡು, "ಹೆಂಗ್ ಕೇಳ್ಬೇಕಂತ ತಿಳೀವಲ್ತವಾ, ನೀ ಔಷಧದ್ದಽ ಓದಿದಾಕಿ ಅಂತ ಕೇಳಾಕತ್ತೀನಿ, ಈ ಗುಳಿಗಿ ಹೊಟ್ಟ್ಯಾಗ ಕರಗವಲ್ತು ನೋಡು, ಮುಂಜಾನೆ ಹೊರಕಡಿಗೆ ಹೋದಾಗ ಹಂಗಽ ಇಡೀದು ಬಂದೈತಿ, ಮೆಡಿಕಲ್‌ದವ ಡೂಪ್ಲಿಕೇಟ್ ಕೊಟ್ಟಾನೇನು?" ಅಂದ್ರು. ನಗು ಬಂತು ನಿಜ, ಆದ್ರೆ ಪ್ರಶ್ನೆ ಮಾತ್ರ ನಮ್ಮ ಫೀಲ್ಡಿನ ಎದೆಗೇ ಕೈ ಹಾಕೋ ಪ್ರಶ್ನೆ.

"ಇಲ್ರಿ ಕಾಕಾ, ಔಷಧ ನಿಮ್ಮ ಮೈಯಾಗ ಹೋಗೈತ್ರಿ, ಹೊರಗ ಬಂದಿದ್ದು ಬರೇ ಅದನ್ನ ಹಿಡಕೊಂಡಿದ್ದ ಅಂಟು" ಅಂದೆ. ಆ ಅಂಟಿನ ಹೆಸರು ಎಚ್‌ಪಿಎಂಸಿ, ಅಂದ್ರೆ ಸೆಲ್ಯುಲೋಸನ್ನೇ ಸ್ವಲ್ಪ ರಸಾಯನ ಮಾಡಿ ನೀರಲ್ಲಿ ಕರಗೋ ಹಾಗೆ ಮಾಡಿರೋ ಪುಡಿ. ಅದನ್ನ ಔಷಧಿ ಜೊತೆ ಬೆರೆಸಿ ಮಾತ್ರೆ ಒತ್ತಿರ್ತಾರೆ, ಹೊಟ್ಟೆಯ ನೀರು ತಾಗಿದ ಕೂಡ್ಲೆ ಮಾತ್ರೆಯ ಹೊರ ಪದರ ಊದಿ ಲೋಳೆಯಾಗತ್ತೆ, ಒಳಗಿನ ಔಷಧಿ ಆ ಲೋಳೆ ದಾಟ್ಕೊಂಡೇ ಹೊರಗೆ ಬರ್ಬೇಕು, ಹಾಗಾಗಿ ಒಂದೇ ಸಲಕ್ಕೆ ಬರಲ್ಲ, ಗಂಟೆಗಟ್ಟಲೆ ಬರ್ತಾ ಇರತ್ತೆ. ಕೆಲವು ಸಲ ಲೋಳೆ ಪೂರ್ತಿ ಸವೆಯೋ ಮೊದಲೇ ಪ್ರಯಾಣ ಮುಗಿದುಹೋಗತ್ತೆ, ಮಾತ್ರೆ ಆಕಾರದ ಮೆತ್ತನೆ ಉಂಡೆ ಹೊರಗೆ ಕಾಣತ್ತೆ. ಗಾಬರಿ ಪಡೋ ವಿಷಯ ಅಲ್ಲ. ಗಾಬರಿ ಪಡೋ ವಿಷಯ ಬೇರೆ ಇತ್ತು: ಮಾತ್ರೆ ದೊಡ್ಡದು ಗಂಟಲಲ್ಲಿ ಇಳಿಯಲ್ಲ ಅಂತ ಕಾಕಾ ಅದನ್ನ ಅಡಕತ್ತಿಯಲ್ಲಿ ಕತ್ತರಿಸಿ ನುಂಗ್ತಿದ್ರಂತೆ ಕೆಲವು ದಿನ, ಇನ್ನು ಕೆಲವು ದಿನ ಕುಟ್ಟಿ ಪುಡಿ ಮಾಡಿ! ಕುಟ್ಟಿದ್ರೆ ಜೆಲ್ ಕಟ್ಟೋಕೆ ಮಾತ್ರೆನೇ ಇಲ್ಲ, ಹನ್ನೆರಡು ಇಪ್ಪತ್ನಾಲ್ಕು ಗಂಟೆಗೆ ಅಂತ ಇಟ್ಟ ಔಷಧಿ ಒಮ್ಮೆಲೇ ಸುರಿದುಬಿಡತ್ತೆ. ಎಸ್‌ಆರ್, ಎಕ್ಸ್‌ಆರ್, ಇಆರ್ ಅಂತ ಪಟ್ಟಿ ಮೇಲೆ ಬರೆದಿರೋ ಯಾವ ಮಾತ್ರೆನೂ ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಕೇಳದೆ ಮುರೀಬೇಡಿ, ಕುಟ್ಟೋದಂತೂ ಬೇಡವೇ ಬೇಡ.

ಆಮೇಲೆ ಕಾಕಾ ಇನ್ನೊಂದು ಕೇಳಿದ್ರು, "ಬಾಯಿಲೆ ನುಂಗಿದ್ದು ಹೊರಗ ಬರ್ತೈತಿ, ಖರೆ, ಚುಚ್ಚಿ ಒಳಗಿಟ್ಟಿದ್ದು ಎಲ್ಲಿಗೆ ಹೊಕ್ಕೈತಿ?" ಅಂತ. ಈ ಪೋಸ್ಟ್ ಅದಕ್ಕೋಸ್ಕರನೇ. ಯಾಕಂದ್ರೆ ನಮ್ಮ ಕಡೆ ಹೈಡ್ರೋಜೆಲ್ ಬಗ್ಗೆ ಮಾತಾಡೋರೆಲ್ಲ ಔಷಧಿ ಹೇಗೆ ನಿಧಾನವಾಗಿ ಹೊರಗೆ ಬರತ್ತೆ ಅನ್ನೋದನ್ನೇ ಹೇಳ್ತಾರೆ, ಗ್ರಾಫ್ ತೋರಿಸ್ತಾರೆ, ಔಷಧಿ ಹೋದ ಮೇಲೆ ಉಳಿದದ್ದರ ಕಥೆ ಏನು ಅಂತ ಕೇಳಿದ್ರೆ ಬಯೋಡಿಗ್ರೇಡಬಲ್ (ದೇಹದಲ್ಲೇ ಒಡೆದು ಕರಗಿಹೋಗೋದು) ಅಂತ ಒಂದು ಪದ ಎಸೆದು ಮುಂದೆ ಹೋಗ್ತಾರೆ.

ಹೈಡ್ರೋಜೆಲ್ ಅಂದ್ರೆ ದೊಡ್ಡ ಸಂಗತಿ ಏನಲ್ಲ. ನೀರನ್ನ ಇಷ್ಟಪಡೋ ಉದ್ದುದ್ದ ಪಾಲಿಮರ್ ಸರಪಳಿಗಳು, ಅವು ಅಲ್ಲಲ್ಲಿ ಒಂದಕ್ಕೊಂದು ಗಂಟು ಬಿದ್ದಿರ್ತವೆ. ಗಂಟು ಇಲ್ಲದಿದ್ರೆ ನೀರಲ್ಲಿ ಕರಗಿಹೋಗ್ತಿತ್ತು, ಗಂಟು ಇರೋದ್ರಿಂದ ಕರಗಲ್ಲ, ಊದತ್ತೆ ಅಷ್ಟೇ. ಬೇಸಿಗೆಯಲ್ಲಿ ಶರಬತ್ತಿಗೆ ಹಾಕೋ ಕಾಮಕಸ್ತೂರಿ ಬೀಜದ ಸುತ್ತ ಕಟ್ಟೋ ಪಾರದರ್ಶಕ ಪೊರೆ ಹೈಡ್ರೋಜೆಲ್ಲೇ, ಮಕ್ಕಳ ಡೈಪರ್ ಒಳಗೆ ಇರೋ ಸೋಡಿಯಂ ಪಾಲಿಅಕ್ರಿಲೇಟ್ ಪುಡಿ ನೀರು ಕುಡಿದ ಮೇಲೆ ಅದೂ ಹೈಡ್ರೋಜೆಲ್ಲೇ, ಕಣ್ಣಿಗೆ ಹಾಕೋ ಮೆತ್ತನೆ ಲೆನ್ಸ್ ಕೂಡ. ಗಂಟುಗಳು ಎಷ್ಟು ಹತ್ತಿರ ಹತ್ತಿರ ಇವೆ ಅನ್ನೋದ್ರ ಮೇಲೆ ಅದು ಎಷ್ಟು ನೀರು ಹಿಡಿಯತ್ತೆ, ಒಳಗಿರೋ ಔಷಧಿ ಎಷ್ಟು ಬೇಗ ಹೊರಗೆ ಬರತ್ತೆ ಅನ್ನೋದೆಲ್ಲ ನಿಂತಿರತ್ತೆ.

ಲೆನ್ಸ್ ಕಥೆ ಹೇಳ್ಲೇಬೇಕು, ನನಗೆ ಬಹಳ ಇಷ್ಟ. ಪ್ರಾಗ್‌ನಲ್ಲಿ ಓಟ್ಟೊ ವಿಖ್ಟರ್ಲೆ ಅಂತ ಕೆಮಿಸ್ಟ್, ಅವರ ಜೊತೆ ದ್ರಾಹೊಸ್ಲಾವ್ ಲೀಮ್, ಇಬ್ಬರೂ ಸೇರಿ 1960ರಲ್ಲಿ ನೇಚರ್ ಪತ್ರಿಕೆಯಲ್ಲಿ ದೇಹದ ಒಳಗೆ ಬಳಸಬಹುದಾದ ನೀರು ಹಿಡಿಯೋ ಜೆಲ್‌ಗಳ ಬಗ್ಗೆ ಚಿಕ್ಕ ಪೇಪರ್ ಬರೆದ್ರು. ಅದೇ ಈ ಇಡೀ ಫೀಲ್ಡಿನ ಶುರು ಅಂತ ಎಲ್ಲರೂ ಒಪ್ತಾರೆ. ವಿಖ್ಟರ್ಲೆ ಅವರನ್ನ 1958ರಲ್ಲಿ ರಾಜಕೀಯ ಕಾರಣಕ್ಕೆ ಪಾಠ ಮಾಡೋ ಕೆಲಸದಿಂದಲೇ ತೆಗೆದುಹಾಕಿದ್ರು, ಆದ್ರೂ ಆಸಾಮಿ ಬಿಡಲಿಲ್ಲ. 1961ರ ಕ್ರಿಸ್‌ಮಸ್ ಹೊತ್ತಿಗೆ ಮನೆಯ ಅಡುಗೆಮನೆ ಟೇಬಲ್ ಮೇಲೆ, ಮಕ್ಕಳು ಆಡೋ ಮೆರ್ಕೂರ್ ಅನ್ನೋ ಕಬ್ಬಿಣದ ಪಟ್ಟಿ ನಟ್ಟು ಬೋಲ್ಟಿನ ಆಟಿಕೆ ಸೆಟ್ಟು, ಸೈಕಲ್ ಡೈನಮೋ, ಬೆಲ್ಲಿನ ಟ್ರಾನ್ಸ್‌ಫಾರ್ಮರ್ ಇಷ್ಟನ್ನೇ ಸೇರಿಸಿ ತಿರುಗೋ ಯಂತ್ರ ಕಟ್ಟಿ, ತಿರುಗ್ತಿರೋ ಅಚ್ಚಿಗೆ ಮಾನೋಮರ್ (ಪಾಲಿಮರ್ ಸರಪಳಿಯ ಬಿಡಿ ಕೊಂಡಿ) ಹನಿ ಬಿಟ್ಟು ಅದು ತಿರುಗುತ್ತಲೇ ಗಟ್ಟಿಯಾಗಿ ಲೆನ್ಸ್ ಆಗೋ ಹಾಗೆ ಮಾಡಿದ್ರು. ಪಾಲಿಹೀಮ ಅಂತ ನಾವು ಕರೆಯೋ ಆ ಪಾಲಿಮರ್ ಸುಮಾರು 38 ಪರ್ಸೆಂಟ್ ನೀರು ಹಿಡಿಯತ್ತೆ. 1971ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪರವಾನಗಿ ಸಿಕ್ತು. ಈಗ ನಮ್ಮ ಪ್ರಶ್ನೆಗೆ ಬನ್ನಿ: ಲೆನ್ಸ್ ವಿಷಯದಲ್ಲಿ ಉಳಿದದ್ದು ಎಲ್ಲಿ ಹೋಗತ್ತೆ? ರಾತ್ರಿ ಬೆರಳಲ್ಲಿ ತೆಗೆದು ಡಬ್ಬಿಗೆ ಹಾಕ್ತೀವಿ. ಅಷ್ಟೇ. ಆದ್ರೆ ಕಣ್ಣಿಗೆ ಹಾಕೋ ಮೊದಲು ಪಾಲಿಮರ್ ಆಗದೆ ಒಳಗೇ ಉಳಿದ ಮಾನೋಮರನ್ನ ನೀರಲ್ಲಿ ನೆನೆಸಿ, ಬಿಸಿ ಮಾಡಿ ಹೊರಗೆ ತೆಗೀಬೇಕಿತ್ತು, ಇಲ್ಲಾಂದ್ರೆ ಕಣ್ಣು ಉರಿ.

ಅತ್ತ ಅಮೆರಿಕದಲ್ಲಿ ಜೂಡಾ ಫೋಕ್‌ಮನ್ ಅನ್ನೋ ಸರ್ಜನ್ ಸಿಲಿಕೋನ್ ರಬ್ಬರ್ ಕೊಳವೆ ಗೋಡೆ ದಾಟಿ ಔಷಧಿ ನಿಧಾನವಾಗಿ ಹೊರಗೆ ಬರೋದನ್ನ 1964ರಲ್ಲಿ ತೋರಿಸಿದ್ರು. 1968ರಲ್ಲಿ ಅಲೆಹಾಂದ್ರೋ ಝಫರೋನಿ ಆಲ್ಝಾ ಅಂತ ಕಂಪನಿ ಕಟ್ಟಿ ಇದನ್ನೇ ವ್ಯಾಪಾರ ಮಾಡಿದ್ರು, 1974ರಲ್ಲಿ ಗ್ಲಾಕೋಮಾ ಇರೋರ ಕಣ್ಣಿನ ಕೆಳ ರೆಪ್ಪೆ ಒಳಗೆ ಇಡೋ ಆಕ್ಯುಸರ್ಟ್ ಬಂತು, ಗಂಟೆಗೆ 20 ಅಥವಾ 40 ಮೈಕ್ರೋಗ್ರಾಂ ಪೈಲೋಕಾರ್ಪಿನ್, ಒಂದು ವಾರ. ತಾಂತ್ರಿಕವಾಗಿ ಅದ್ಭುತ, ಜನ ಮಾತ್ರ ಒಪ್ಪಲಿಲ್ಲ, ವಯಸ್ಸಾದವರ ಕಣ್ಣಿಂದ ಗೊತ್ತಾಗದೆ ಬಿದ್ದುಹೋಗ್ತಿತ್ತು. ಆಮೇಲೆ ನಾರ್‌ಪ್ಲಾಂಟ್. ತೋಳಿನ ಚರ್ಮದ ಕೆಳಗೆ ಆರು ಸಿಲಿಕೋನ್ ಕಡ್ಡಿ ಇಟ್ರೆ ಐದು ವರ್ಷ ಗರ್ಭ ನಿಲ್ಲಲ್ಲ, ಅಮೆರಿಕದಲ್ಲಿ 1990ರಲ್ಲಿ ಒಪ್ಪಿಗೆ. ಔಷಧಿ ಬಿಡುಗಡೆ ಅಂತ ನೋಡಿದ್ರೆ ಬೆರಳು ತೋರಿಸೋಕೆ ಜಾಗ ಇಲ್ಲ. ಆದ್ರೆ ಸಿಲಿಕೋನ್ ಕರಗಲ್ಲ ಅಲ್ವಾ, ಐದು ವರ್ಷ ಆದ್ಮೇಲೆ, ಇಲ್ಲಾ ನಡುವೆ ಬೇಡ ಅನಿಸಿದ್ರೆ, ಆ ಆರು ಕಡ್ಡಿ ಕೊಯ್ದು ತೆಗೀಬೇಕು, ಅಷ್ಟೊತ್ತಿಗೆ ಅವುಗಳ ಸುತ್ತ ಮಾಂಸ ಬಲಿತಿರತ್ತೆ, ತೆಗೆಯೋಕೆ ಬರದ ಡಾಕ್ಟರ ಕೈಗೆ ಸಿಕ್ಕ ಹೆಂಗಸರು ಪಟ್ಟ ಪಾಡು ಕೋರ್ಟಿಗೇ ಹೋಯ್ತು. 2002ರಲ್ಲಿ ಅಲ್ಲಿ ಅದನ್ನ ವಾಪಸ್ ತಗೊಂಡ್ರು. ನನ್ನ ಪ್ರಕಾರ ಹಾರ್ಮೋನಿನ ಅಡ್ಡ ಪರಿಣಾಮಗಳ ದೂರು ಎಷ್ಟಿತ್ತೋ ಕಡ್ಡಿ ತೆಗೆಯೋ ತಲೆನೋವೂ ಅಷ್ಟೇ ಅದನ್ನ ಮುಳುಗಿಸ್ತು.

ಇದಕ್ಕೆ ಉತ್ತರ ಸರ್ಜನ್‌ಗಳ ಹೊಲಿಗೆ ದಾರದಲ್ಲೇ ಇತ್ತು. ಸಿಸೇರಿಯನ್ ಆದವರಿಗೆ ಗೊತ್ತಿರತ್ತೆ, ಒಳಗಿನ ಹೊಲಿಗೆ ಬಿಚ್ಚೋಕೆ ಬರಬೇಕಾಗಿಲ್ಲ, ಅದೇ ಕರಗತ್ತೆ ಅಂತಾರೆ. 1970ರ ಸುಮಾರಿಗೆ ಬಂದ ಆ ದಾರ ಗ್ಲೈಕಾಲಿಕ್ ಆಸಿಡ್ಡಿನ ಪಾಲಿಮರ್, ಅದಕ್ಕೆ ಲ್ಯಾಕ್ಟಿಕ್ ಆಸಿಡ್ ಸೇರಿಸಿದ್ರೆ ಪಿಎಲ್‌ಜಿಎ. ನೀರು ತಾಗ್ತಾ ತಾಗ್ತಾ ಸರಪಳಿ ತುಂಡಾಗಿ ಕೊನೆಗೆ ಅದೇ ಎರಡು ಆಸಿಡ್ಡುಗಳಾಗತ್ತೆ, ಅವನ್ನ ನಮ್ಮ ದೇಹ ಮಾಮೂಲಿಯಾಗಿ ಸುಟ್ಟು ಇಂಗಾಲದ ಡೈಆಕ್ಸೈಡ್ ಮತ್ತು ನೀರು ಮಾಡತ್ತೆ. ಇದರ ಸೂಕ್ಷ್ಮ ಗುಳ್ಳೆಗಳಲ್ಲಿ ಲ್ಯೂಪ್ರೋಲೈಡ್ ತುಂಬಿ ಪ್ರಾಸ್ಟೇಟ್ ಕ್ಯಾನ್ಸರ್ ಇರೋರಿಗೆ ತಿಂಗಳಿಗೊಂದೇ ಇಂಜೆಕ್ಷನ್ ಅಂತ 1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. 1996ರಲ್ಲಿ ಗ್ಲಿಯಾಡೆಲ್ ಬಂತು, ಮೆದುಳಿನ ಗೆಡ್ಡೆ ತೆಗೆದ ಜಾಗದಲ್ಲೇ ಇಟ್ಟು ಮುಚ್ಚೋ ಚಿಕ್ಕ ಬಿಲ್ಲೆ, ಒಂದೊಂದರಲ್ಲಿ 7.7 ಮಿಲಿಗ್ರಾಂ ಕಾರ್ಮುಸ್ಟಿನ್. ಪಾಲಿಅನ್‌ಹೈಡ್ರೈಡ್ ಅನ್ನೋ ಇನ್ನೊಂದು ಜಾತಿ ಪಾಲಿಮರ್ ಅದು, ಒಳಗೆ ನೀರು ಬಿಟ್ಟುಕೊಳ್ಳದೆ ಮೇಲಿಂದ ಮೇಲಿಂದಲೇ ಸವೆಯತ್ತೆ. ಪಿಎಲ್‌ಜಿಎ ಹಾಗಲ್ಲ, ಒಳಗೆಲ್ಲ ನೀರು ಹೋಗಿ ಒಳಗೆ ಹುಟ್ಟಿದ ಆಸಿಡ್ ಹೊರಗೆ ಹೋಗೋಕಾಗದೆ ಅಲ್ಲೇ ನಿಂತು ನಡುಭಾಗವನ್ನೇ ಮೊದಲು ತಿಂದುಹಾಕತ್ತೆ. ಪ್ರೋಟೀನ್ ಔಷಧಿ ತುಂಬಿದ್ರೆ ಈ ಹುಳಿಗೆ ಅದೂ ಹಾಳಾಗಬಹುದು. ಕರಗಿ ಹೋಗತ್ತೆ ಅನ್ನೋದೂ ಪುಕ್ಕಟೆ ಅಲ್ಲ.

ಈಗ ನಮ್ಮ ಧಾರವಾಡಕ್ಕೆ ಬರೋಣ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಾಲಿಮರ್ ವಿಷಯದಲ್ಲಿ ಡಾ. ತೇಜರಾಜ ಅಮಿನಭಾವಿಯವರ ಹೆಸರು ಗೊತ್ತಿಲ್ಲದ ಕೆಮಿಸ್ಟ್ರಿ ಸ್ಟೂಡೆಂಟ್ ಇಲ್ಲ. ಅವರೂ ಅವರ ಜೊತೆಗಾರರೂ 2001ರಲ್ಲಿ ಜರ್ನಲ್ ಆಫ್ ಕಂಟ್ರೋಲ್ಡ್ ರಿಲೀಸ್‌ನಲ್ಲಿ ಬರೆದ ಕರಗೋ ಪಾಲಿಮರ್ ನ್ಯಾನೋಕಣಗಳ ಬಗೆಗಿನ ರಿವ್ಯೂ ಇಡೀ ಜಗತ್ತಲ್ಲಿ ಈ ವಿಷಯಕ್ಕೆ ಅತಿ ಹೆಚ್ಚು ಉಲ್ಲೇಖ ಆಗೋ ಲೇಖನಗಳಲ್ಲಿ ಒಂದು. ಹೊರದೇಶದ ಕಾನ್ಫರೆನ್ಸಲ್ಲಿ ಧಾರವಾಡ ಅಂದ್ರೆ ಪೇಡೆ ಗೊತ್ತಿಲ್ಲದವರಿಗೂ ಆ ಪೇಪರ್ ಗೊತ್ತಿರತ್ತೆ. ಆ ಗಾಳಿಯಲ್ಲೇ ನಮ್ಮ ಕಡೆ ಎಷ್ಟೋ ಮಂದಿ ಗೌರ್ ಗಮ್, ಸೋಡಿಯಂ ಆಲ್ಜಿನೇಟ್, ಕೈಟೋಸಾನ್ ಅಂತ ಹಿಡಿದು ಕೂತ್ರು, ನಾನೂ ಅದೇ ಸಾಲಿನವಳು.

ಗೌರ್ ಗಮ್ ಅಂದ್ರೆ ನಮ್ಮ ಚವಳಿಕಾಯಿ ಬೀಜದ ಅಂಟು ಕಣ್ರೀ, ಬೆಂಗಳೂರಿನವರು ಗೋರಿಕಾಯಿ ಅಂತೀರಲ್ಲ ಅದೇ. ಜಗತ್ತಲ್ಲಿ ಹೆಚ್ಚು ಬೆಳೆಯೋದು ನಮ್ಮ ದೇಶದಲ್ಲೇ, ಅದರಲ್ಲೂ ರಾಜಸ್ಥಾನದಲ್ಲಿ. (2012ರ ಸುಮಾರಿಗೆ ಅಮೆರಿಕದ ಎಣ್ಣೆ ಬಾವಿಯವರು ಬಂಡೆ ಸೀಳೋ ದ್ರವ ಗಟ್ಟಿ ಮಾಡೋಕೆ ಇದನ್ನೇ ಕೊಂಡು ಕೊಂಡು ರೇಟು ಆಕಾಶಕ್ಕೆ ಹೋಗಿತ್ತು, ಅದು ಬೇರೆ ಕಥೆ.) ಲ್ಯಾಬಲ್ಲಿ ಇದನ್ನ ನೀರಿಗೆ ಹಾಕಿದವರಿಗೆಲ್ಲ ಗೊತ್ತು, ಸುಮ್ಮನೆ ಸುರಿದ್ರೆ ಹೊರಗೆ ಲೋಳೆ ಒಳಗೆ ಒಣ ಹಿಟ್ಟು ಇರೋ ಗಂಟುಗಳಾಗಿ ದಿನವಿಡೀ ಕಲಕಿದ್ರೂ ಬಿಡಲ್ಲ. ಪುಡಿಗೆ ಮೊದಲು ಒಂಚೂರು ಆಲ್ಕೋಹಾಲ್ ಹಾಕಿ ತೇವ ಮಾಡ್ಕೊಂಡು, ಜೋರಾಗಿ ತಿರುಗ್ತಿರೋ ನೀರಿನ ಸುಳಿಗೆ ಚಿಟಿಕೆ ಚಿಟಿಕೆ ಉದುರಿಸಬೇಕು. ಆಮೇಲೆ ಅಕ್ರಿಲಮೈಡ್ ಮಾನೋಮರ್, ಗಂಟು ಹಾಕೋಕೆ ಎಂಬಿಎ (ಮೀಥಿಲೀನ್ ಬಿಸ್‌ಅಕ್ರಿಲಮೈಡ್ ಅನ್ನೋ ರಸಾಯನ), ಶುರು ಹಚ್ಚೋಕೆ ಪೊಟ್ಯಾಸಿಯಂ ಪರ್‌ಸಲ್ಫೇಟ್. ಆಕ್ಸಿಜನ್ ಇದ್ರೆ ಕ್ರಿಯೆ ನಡಿಯೋದೇ ಇಲ್ಲ, ಹಾಗಾಗಿ ಅರ್ಧ ಗಂಟೆ ನೈಟ್ರೋಜನ್ ಗುಳುಗುಳು ಬಿಟ್ಟು, ಫ್ಲಾಸ್ಕನ್ನ 60-70 ಡಿಗ್ರಿ ನೀರಿನ ಬಾತ್‌ನಲ್ಲಿ ಇಡ್ತೀವಿ. ಮೊದಲು ಏನೂ ಆಗಲ್ಲ, ಸುಮ್ಮನೆ ತಿರುಗ್ತಾ ಇರತ್ತೆ, ನೀವು ಚಹಾ ಕುಡಿದು ಬರೋಣ ಅಂತ ಏಳೋ ಹೊತ್ತಿಗೆ ಸರಿಯಾಗಿ ಮ್ಯಾಗ್ನೆಟಿಕ್ ಬೀಡು ಮೊದಲು ನಿಧಾನ ಆಗತ್ತೆ, ಆಮೇಲೆ ನಡುಗತ್ತೆ, ಆಮೇಲೆ ನಿಂತೇಹೋಗತ್ತೆ, ಸುತ್ತ ಜೆಲ್ ಕಟ್ಟಿ ಅದು ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡಿರತ್ತೆ. ಫ್ಲಾಸ್ಕ್ ತಲೆಕೆಳಗೆ ಮಾಡಿದ್ರೂ ಬೀಳಲ್ಲ. ಹೊಸಬರಿಗೆ ಇದು ನೋಡೋಕೆ ಎಷ್ಟು ಖುಷಿ ಅಂದ್ರೆ ಫೋಟೋ ತೆಗೆದು ಸ್ಟೇಟಸ್ ಹಾಕ್ತಾರೆ, ಕೆಲಸ ಮುಗೀತು ಅಂದ್ಕೊಳ್ತಾರೆ.

ನಿಜವಾದ ಕೆಲಸ ಅಲ್ಲಿಂದ ಶುರು. ಯಾಕಂದ್ರೆ ಆ ಜೆಲ್ ಒಳಗೆ ಪಾಲಿಮರ್ ಆಗದ ಅಕ್ರಿಲಮೈಡ್ ಉಳಿದೇ ಇರತ್ತೆ, ಮತ್ತು ಅಕ್ರಿಲಮೈಡ್ ನರಗಳಿಗೆ ವಿಷ, ಕ್ಯಾನ್ಸರ್ ತರೋ ಸಾಧ್ಯತೆ ಇರೋ ವಸ್ತುಗಳ ಪಟ್ಟಿಯಲ್ಲೂ ಇದೆ. (ಚಿಪ್ಸ್ ಕರಿದಾಗಲೂ ಇದೇ ಹುಟ್ಟತ್ತೆ ಅಂತ 2002ರಲ್ಲಿ ಸ್ವೀಡನ್ನಿನವರು ಕಂಡುಹಿಡಿದು ಗಲಾಟೆ ಆಗಿತ್ತು, ನೆನಪಿರಬಹುದು.) ಸರಪಳಿಯಾದ ಪಾಲಿಅಕ್ರಿಲಮೈಡ್ ಹೆಚ್ಚುಕಮ್ಮಿ ಸಾಧು, ಬಿಡಿ ಮಾನೋಮರ್ ಅಲ್ಲ. ಹಾಗಾಗಿ ಜೆಲ್ಲನ್ನ ಬಿಲ್ಲೆ ಬಿಲ್ಲೆ ಕತ್ತರಿಸಿ ನೀರಲ್ಲಿ ಮುಳುಗಿಸಿ, ದಿನಾ ನೀರು ಬದಲಾಯಿಸಿ, ಒಂದು ವಾರ ಆದ್ರೂ ತೊಳೀಬೇಕು, ತೊಳೆದ ನೀರನ್ನ ಎಚ್‌ಪಿಎಲ್‌ಸಿ ಅನ್ನೋ, ಬೆರೆತ ವಸ್ತುಗಳನ್ನ ಬೇರೆ ಮಾಡಿ ಅಳೆಯೋ ಯಂತ್ರಕ್ಕೆ ಹಾಕಿ ಮಾನೋಮರ್ ಇಲ್ಲ ಅಂತ ನೋಡಬೇಕು. ಜೆಲ್ ಅಷ್ಟೊತ್ತಿಗೆ ಊದಿ ಊದಿ ಕೈಗೆ ಸಿಗದ ಹಾಗೆ ಜಾರ್ತಿರತ್ತೆ, ಎತ್ತೋಕೆ ಹೋದ್ರೆ ಬಿರಿಯತ್ತೆ, ಆ ಚೂರುಗಳು ಸಿಂಕಿನ ಬಾಯಿ ಕಟ್ಟತ್ತೆ, ಲ್ಯಾಬ್ ಅಟೆಂಡರ್ ಬಯ್ತಾರೆ.

ಮಾನೋಮರ್ ಬೇಡ, ನೈಸರ್ಗಿಕ ಪಾಲಿಮರನ್ನೇ ನೇರವಾಗಿ ಗಂಟು ಹಾಕೋಣ ಅಂದ್ರೆ ಎಲ್ಲರ ಕೈಗೂ ಮೊದಲು ಸಿಗೋದು ಗ್ಲುಟರಾಲ್ಡಿಹೈಡ್. ಸೀಸೆ ಮುಚ್ಚಳ ತೆಗೆದ್ರೆ ಮೂಗು ಸುಟ್ಟುಹೋಗೋ ವಾಸನೆ. ಸೀಗಡಿ ಚಿಪ್ಪಿಂದ ತೆಗೆದ ಕೈಟೋಸಾನನ್ನ ಅಸಿಟಿಕ್ ಆಸಿಡ್ ನೀರಲ್ಲಿ ಕರಗಿಸಿ, ಪ್ಯಾರಾಫಿನ್ ಎಣ್ಣೆಯಲ್ಲಿ ಸಣ್ಣ ಸಣ್ಣ ಹನಿಯಾಗಿ ಒಡೆದು, ಇದನ್ನ ಹಾಕಿದ್ರೆ ಹನಿಗಳು ಹಳದಿ ತಿರುಗಿ ಗಟ್ಟಿ ಗುಂಡುಗಳಾಗ್ತವೆ. ಚಂದ. ಆದ್ರೆ ಉಳಿದ ಆಲ್ಡಿಹೈಡ್ ಜೀವಕೋಶಗಳನ್ನ ಕೊಲ್ಲತ್ತೆ. ಅದು ಉಳಿದಿದೆಯಾ ಇಲ್ವಾ ಅಂತ ನೋಡೋಕೆ ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ಎಲ್ಲರೂ ಮಾಡಿರೋ ಟೊಲೆನ್ಸ್ ಟೆಸ್ಟೇ ಸಾಕು, ತೊಳೆದ ನೀರಿಗೆ ಟೊಲೆನ್ಸ್ ಹಾಕಿ ಬಿಸಿ ಮಾಡಿದಾಗ ಟೆಸ್ಟ್ ಟ್ಯೂಬಿನ ಗೋಡೆಗೆ ಬೆಳ್ಳಿ ಕನ್ನಡಿ ಹಿಡೀತು ಅಂದ್ರೆ ಇನ್ನೂ ತೊಳೀರಿ ಅಂತ ಅರ್ಥ. ಅಂದಹಾಗೆ ಇದು ಬಿಡಿಯಾಗಿ ಉಳಿದದ್ದನ್ನ ಮಾತ್ರ ಹೇಳತ್ತೆ, ಒಂದು ಕೈ ಪಾಲಿಮರಿಗೆ ಹಿಡ್ಕೊಂಡು ಇನ್ನೊಂದು ಕೈ ಖಾಲಿ ಬಿಟ್ಟಿರೋ ಗ್ಲುಟರಾಲ್ಡಿಹೈಡ್ ಜೆಲ್ ಒಳಗೇ ಕೂತಿರತ್ತೆ. ಅದಕ್ಕೆ ಕೊನೆಗೆ ಗ್ಲೈಸೀನ್ ದ್ರಾವಣದಲ್ಲಿ ನೆನೆಸೋದು ಒಳ್ಳೇದು, ಆ ಖಾಲಿ ಕೈಗಳನ್ನ ಅದು ಹಿಡ್ಕೊಳ್ಳತ್ತೆ.

ಈಗ ನನಗೆ ಸಿಟ್ಟು ಬರೋ ವಿಷಯ. ಗೌರ್ ಗಮ್ ಮೇಲೆ ಪಾಲಿಅಕ್ರಿಲಮೈಡ್ ಕಸಿ ಮಾಡಿ, ಗೌರ್ ಗಮ್ ಕರಗತ್ತಲ್ವಾ ಅದಕ್ಕೆ ಇಡೀ ಜೆಲ್ ಬಯೋಡಿಗ್ರೇಡಬಲ್ ಅಂತ ಪೇಪರಿನ ಮೊದಲ ಸಾಲಲ್ಲೇ ಬರೆಯೋದು. ಗೌರ್ ಗಮ್ಮನ್ನ ನಮ್ಮ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ತಿಂತವೆ, ನಿಜ, ಅದಕ್ಕೇ ದೊಡ್ಡ ಕರುಳಿಗೆ ಮಾತ್ರ ಔಷಧಿ ತಲುಪಿಸೋಕೆ ಇದು ಒಳ್ಳೆ ಹೊದಿಕೆ. ಆದ್ರೆ ಕಸಿ ಮಾಡಿದ ಭಾಗದ ಬೆನ್ನೆಲುಬು ಬರೀ ಕಾರ್ಬನ್-ಕಾರ್ಬನ್ ಬಂಧ, ಅದನ್ನ ಮುರಿಯೋ ಕಿಣ್ವ ನಮ್ಮ ಮೈಯಲ್ಲಿ ಇಲ್ಲ. ಬಾಯಿಂದ ತಗೊಳ್ಳೋದಾದ್ರೆ ಚಿಂತೆ ಇಲ್ಲ, ಕಾಕಾನ ಮಾತ್ರೆ ಥರ ಹೊರಗೆ ಹೋಗತ್ತೆ. ಚುಚ್ಚಿ ಒಳಗಿಡ್ತೀವಿ ಅಂತ ಅದೇ ಜೆಲ್ಲಿಗೆ ಹೇಳಿದ್ರೆ ಕೇಳೋರು ಕೇಳ್ಬೇಕು. ಚೀನಾದಲ್ಲಿ ಪಾಲಿಅಕ್ರಿಲಮೈಡ್ ಹೈಡ್ರೋಜೆಲ್ಲನ್ನ ಸ್ತನ ದೊಡ್ಡದು ಮಾಡೋಕೆ ಅಂತ ಹೆಂಗಸರಿಗೆ ನೇರವಾಗಿ ಚುಚ್ತಿದ್ರು. ಗಂಟು ಕಟ್ಟೋದು, ಸೋಂಕು, ಜೆಲ್ ಹಾಕಿದ ಜಾಗ ಬಿಟ್ಟು ಬೇರೆಲ್ಲೋ ಜರುಗೋದು ಎಲ್ಲಾ ಆಗಿ 2006ರಲ್ಲಿ ಸರ್ಕಾರ ಅದನ್ನ ನಿಷೇಧ ಮಾಡ್ತು. ಕಡ್ಡಿಯಾದ್ರೂ ಹುಡುಕಿ ಎಳೀಬಹುದು, ಮಾಂಸದ ಎಳೆ ಎಳೆ ನಡುವೆ ಹರಿದುಹೋದ ಜೆಲ್ಲನ್ನ ಪೂರ್ತಿ ತೆಗೆಯೋದು ಸರ್ಜನ್ ಕೈಲೂ ಆಗಲ್ಲ.

ಉಳಿಕೆಯೇ ಇಲ್ಲದ ಹಾಗೆ ಗಂಟು ಹಾಕೋ ದಾರಿಗಳೂ ಇವೆ, ನನಗೆ ಅವೇ ಇಷ್ಟ. ಪಾಲಿವಿನೈಲ್ ಆಲ್ಕೋಹಾಲನ್ನ 90 ಡಿಗ್ರಿಯಲ್ಲಿ ಕರಗಿಸಿ, ಫ್ರೀಜರ್‌ಗೆ ಹಾಕಿ, ಹೊರಗೆ ತೆಗೆದು ಕರಗಿಸಿ, ಮತ್ತೆ ಫ್ರೀಜರ್, ಹೀಗೆ ಕೆಲವು ಸುತ್ತು ಮಾಡಿದ್ರೆ ಸರಪಳಿಗಳು ತಾವೇ ಅಲ್ಲಲ್ಲಿ ಸಾಲಾಗಿ ನಿಂತು ಚಿಕ್ಕ ಹರಳು ಕಟ್ಕೊಂಡು ಜೆಲ್ ಆಗ್ತವೆ, ಯಾವ ರಸಾಯನವೂ ಬೇಡ. ಗಾರ್ಡೀನಿಯಾ ಗಿಡದ ಕಾಯಿಂದ ಬರೋ ಜೆನಿಪಿನ್ ಅಂತ ಒಂದಿದೆ, ಕೈಟೋಸಾನ್ ಜೊತೆ ಸೇರಿದ್ರೆ ಕಡು ನೀಲಿ ಬಣ್ಣ, ಗ್ಲುಟರಾಲ್ಡಿಹೈಡಿಗಿಂತ ಎಷ್ಟೋ ಸೌಮ್ಯ, ರೇಟು ಕೇಳಿದ್ರೆ ಗೈಡ್ ಮುಖ ನೋಡ್ಬೇಕು ನೀವು. ಇನ್ನು ಎಲ್ಲರ ಅಚ್ಚುಮೆಚ್ಚಿನ ಆಲ್ಜಿನೇಟ್, ಕಂದು ಕಡಲಪಾಚಿಯಿಂದ ಬರತ್ತೆ, ಕ್ಯಾಲ್ಸಿಯಂ ಸಿಕ್ಕಿದ ಕ್ಷಣ ಜೆಲ್ ಆಗತ್ತೆ.

ಆಲ್ಜಿನೇಟ್ ಗುಂಡು ಮಾಡೋದು ಶಾಲೆ ಮಕ್ಕಳೂ ಮಾಡಬಹುದು. ಎರಡು ಪರ್ಸೆಂಟ್ ದ್ರಾವಣ ಮಾಡಿ, ರಾತ್ರಿಯಿಡೀ ಬಿಟ್ಟು ಗಾಳಿ ಗುಳ್ಳೆ ಹೋಗೋಕೆ ಬಿಡಿ, ಸಿರಿಂಜಲ್ಲಿ ಎಳ್ಕೊಂಡು ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿ ಹನಿ ಬಿಡಿ. ಎತ್ತರ ತೀರಾ ಕಮ್ಮಿ ಆದ್ರೆ, ಇಲ್ಲಾ ದ್ರಾವಣ ತೀರಾ ಮಂದ ಆದ್ರೆ ಬಾಲ ಬರತ್ತೆ, ಬೀಕರ್ ತುಂಬ ಗೊದಮೊಟ್ಟೆಗಳು. ಸ್ವಲ್ಪ ಎತ್ತರ ಮಾಡಿದ್ರೆ ಗುಂಡಗಾಗ್ತವೆ. ಆದ್ರೆ ಇಲ್ಲೂ ಒಂದು ಕಳ್ಳತನ ನಡಿಯತ್ತೆ: ನೀರಲ್ಲಿ ಚೆನ್ನಾಗಿ ಕರಗೋ ಔಷಧಿ ತುಂಬಿದ್ರೆ, ಗುಂಡು ಗಟ್ಟಿ ಆಗ್ಲಿ ಅಂತ ನೀವು ಬಿಟ್ಟ ಅರ್ಧ ಗಂಟೆಯಲ್ಲಿ ಒಳಗಿನ ಔಷಧಿಯ ದೊಡ್ಡ ಪಾಲು ಆ ಕ್ಯಾಲ್ಸಿಯಂ ನೀರಿಗೇ ಸೋರಿಹೋಗಿರತ್ತೆ. ಹೆಚ್ಚು ಹೊತ್ತು ಬಿಟ್ರೆ ಗುಂಡು ಗಟ್ಟಿ, ಔಷಧಿ ಖಾಲಿ. ಕಮ್ಮಿ ಬಿಟ್ರೆ ಔಷಧಿ ಇದೆ, ಗುಂಡು ಮೆತ್ತಗೆ.

ಆಮೇಲೆ ರಿಲೀಸ್ ಸ್ಟಡಿ, ಅಂದ್ರೆ ಔಷಧಿ ಎಷ್ಟು ಹೊತ್ತಿಗೆ ಎಷ್ಟು ಹೊರಗೆ ಬಂತು ಅಂತ ಅಳೆಯೋದು. 37 ಡಿಗ್ರಿ, ಪ್ಯಾಡಲ್ ತಿರುಗ್ತಿರತ್ತೆ, ಗಂಟೆಗೊಮ್ಮೆ 5 ಎಂಎಲ್ ತೆಗೆದು ಅಷ್ಟೇ ಹೊಸ ಬಫರ್ (ಪಿಎಚ್ ಬದಲಾಗದ ಹಾಗೆ ಹಿಡಿಯೋ ದ್ರಾವಣ) ಹಾಕಿ, ತೆಗೆದದ್ದನ್ನ ಯುವಿಗೆ (ದ್ರಾವಣ ಎಷ್ಟು ಬೆಳಕು ಹೀರತ್ತೆ ಅಂತ ಅಳೆದು ಔಷಧಿ ಎಷ್ಟಿದೆ ಹೇಳೋ ಯಂತ್ರ) ಹಾಕಿ ಓದಬೇಕು, ಡೈಕ್ಲೋಫೆನಾಕ್ ಆದ್ರೆ 276 ನ್ಯಾನೋಮೀಟರ್ ಹತ್ತಿರ. ರಾತ್ರಿ ಹನ್ನೆರಡಕ್ಕೊಂದು ಸ್ಯಾಂಪಲ್, ಹಾಸ್ಟೆಲ್ ಗೇಟಿನ ಅಣ್ಣನಿಗೆ ಮೊದಲೇ ಹೇಳಿಟ್ಟಿರಬೇಕು. ಟಕೇರು ಹಿಗುಚಿ 1961ರಲ್ಲಿ ಮುಲಾಮಿನಿಂದ ಔಷಧಿ ಹೊರಬರೋದಕ್ಕೆ ಬರೆದ ಸಮೀಕರಣ ಇವತ್ತಿಗೂ ನಮ್ಮ ಅನ್ನ: ಹೊರಬಂದ ಪ್ರಮಾಣ ಸಮಯದ ವರ್ಗಮೂಲಕ್ಕೆ ತಕ್ಕ ಹಾಗೆ. ಒಂದು ಗಂಟೆಗೆ 20 ಪರ್ಸೆಂಟ್ ಬಂದ್ರೆ 40 ಬರೋಕೆ ಎರಡು ಗಂಟೆ ಸಾಲಲ್ಲ, ನಾಲ್ಕು ಬೇಕು, 60ಕ್ಕೆ ಒಂಬತ್ತು. ಯಾಕಂದ್ರೆ ಹೊರಗಡೆ ಇದ್ದ ಔಷಧಿ ಮೊದಲು ಹೋಗತ್ತೆ, ಒಳಗಿದ್ದದ್ದು ಹೊರಗೆ ಬರೋ ದಾರಿ ಉದ್ದ ಆಗ್ತಾ ಹೋಗತ್ತೆ. ನಿಕೋಲಸ್ ಪೆಪ್ಪಾಸ್ ಅವರ ಇನ್ನೊಂದು ಸಮೀಕರಣ ಇದೆ, ಅದು ಮೊದಲ 60 ಪರ್ಸೆಂಟಿಗೆ ಮಾತ್ರ ಹೊಂದತ್ತೆ ಅಂತ ಅವರೇ ಹೇಳಿದ್ರೂ ನಮ್ಮ ಮಂದಿ 95 ಪರ್ಸೆಂಟ್ ತನಕದ ಎಲ್ಲಾ ಚುಕ್ಕಿನೂ ಹಾಕಿ, ನಾಲ್ಕು ಮಾಡೆಲ್ ಓಡಿಸಿ, ಯಾವುದರ ಹೊಂದಿಕೆ ಒಂದಕ್ಕೆ 0.99 ಬಂತೋ ಅದೇ ಮೆಕ್ಯಾನಿಸಂ ಅಂತ ಬರೆದುಬಿಡ್ತಾರೆ.

ಇದಕ್ಕಿಂತ ತಮಾಷೆ ಆಲ್ಜಿನೇಟಿನ 'ಸ್ಮಾರ್ಟ್' ಗುಣ. ಮೊದಲ ಎರಡು ಗಂಟೆ ಹೊಟ್ಟೆಯ ಥರ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್ಡಲ್ಲಿ ಗುಂಡು ಮುದುಡಿಕೊಂಡು ಕೂತಿರತ್ತೆ, ಔಷಧಿ ಹೆಚ್ಚು ಬರಲ್ಲ. ಆಮೇಲೆ ಕರುಳಿನ ಥರ ಅಂತ ಪಿಎಚ್ 7.4ರ ಫಾಸ್ಫೇಟ್ ಬಫರ್‌ಗೆ ಹಾಕಿದ್ರೆ ಊದಿ ಊದಿ ಒಡೆದು ಎಲ್ಲಾ ಸುರೀತು, ಆಹಾ ಪಿಎಚ್ ನೋಡಿ ಬಾಗಿಲು ತೆಗೆಯೋ ಜಾಣ ಜೆಲ್ ಅಂತ. ಪಿಎಚ್ ಪಾತ್ರ ಇದೆ, ಇಲ್ಲ ಅನ್ನಲ್ಲ. ಆದ್ರೆ ಆ ಫಾಸ್ಫೇಟು ಗುಂಡಿನ ಕ್ಯಾಲ್ಸಿಯಮ್ಮನ್ನೇ ಕಿತ್ಕೊಂಡು ಕ್ಯಾಲ್ಸಿಯಂ ಫಾಸ್ಫೇಟ್ ಆಗ್ತಿರತ್ತೆ, ಬೀಕರನ್ನ ಬೆಳಕಿಗೆ ಹಿಡಿದ್ರೆ ನೀರು ಸ್ವಲ್ಪ ಮಬ್ಬಾಗಿರೋದು ಕಾಣತ್ತೆ. ಗಂಟು ಬಿಚ್ಚಿದ್ದು ಬಫರ್. ಅದೇ ಪಿಎಚ್‌ನಲ್ಲಿ ಫಾಸ್ಫೇಟ್ ಇಲ್ಲದ ಟ್ರಿಸ್ ಬಫರ್ ಹಾಕಿ ಒಂದು ಸಲ ನೋಡಿ, ಗುಂಡು ಬೇರೆ ಥರ ನಡ್ಕೊಳ್ಳತ್ತೆ. ಈ ಒಂದು ಹೋಲಿಕೆ ಎಷ್ಟು ಥೀಸಿಸ್‌ಗಳಲ್ಲಿ ಇದೆ ಹುಡುಕಿ ನೋಡಿ, ಸಿಟ್ಟು ಬರತ್ತೆ ನಿಮಗೂ.

ಇನ್ನೊಂದು. 12 ಗಂಟೆಯ ಕೊನೆಗೆ ಗ್ರಾಫು 85 ಪರ್ಸೆಂಟಿಗೆ ಸಪಾಟಾಗಿ ನಿಲ್ಲತ್ತೆ, ಸಸ್ಟೇನ್ಡ್ ರಿಲೀಸ್ ಅಂತ ಬರೀತಾರೆ. ಉಳಿದ 15? ಅದು ಜೆಲ್ ಒಳಗೇ ಅಂಟ್ಕೊಂಡಿರಬಹುದು, ಗ್ಲುಟರಾಲ್ಡಿಹೈಡ್ ಜೊತೆ ಕ್ರಿಯೆ ಆಗಿ ಔಷಧಿಯೇ ಬೇರೆ ಏನೋ ಆಗಿರಬಹುದು, ಇಲ್ಲಾ ಶುರುವಲ್ಲಿ ಅಷ್ಟು ತುಂಬಿದ್ವಿ ಅಂದ್ಕೊಂಡ ಲೆಕ್ಕವೇ ತಪ್ಪಿರಬಹುದು, ಮೂರಕ್ಕೂ ಅರ್ಥ ಬೇರೆ ಬೇರೆ. ಆಲ್ಜಿನೇಟ್ ಆದ್ರೆ ತಿಳ್ಕೊಳ್ಳೋದು ಬಹಳ ಸುಲಭ. ರಿಲೀಸ್ ಮುಗಿದ ಗುಂಡುಗಳನ್ನ ಕಸಕ್ಕೆ ಎಸೀಬೇಡಿ, ಸೋಡಿಯಂ ಸಿಟ್ರೇಟ್ ದ್ರಾವಣಕ್ಕೆ ಹಾಕಿ, ಸಿಟ್ರೇಟ್ ಕ್ಯಾಲ್ಸಿಯಂ ಎಳ್ಕೊಂಡು ಗುಂಡನ್ನ ಪೂರ್ತಿ ಕರಗಿಸತ್ತೆ, ಸೋಸಿ ಯುವಿಗೆ ಹಾಕಿ ಓದಿ, ಹೊರಬಂದದ್ದೂ ಒಳಗುಳಿದದ್ದೂ ಕೂಡಿಸಿ. ನೂರರ ಹತ್ತಿರ ಬಂದ್ರೆ ನಿಮ್ಮ ಗ್ರಾಫನ್ನ ನಾನು ನಂಬ್ತೀನಿ. ಬರಲಿಲ್ಲ ಅಂದ್ರೆ ಔಷಧಿ ಎಲ್ಲೋ ಬೇರೆ ಕಡೆ ಹೋಗಿದೆ, ಮೊದಲು ಆ ಕ್ಯಾಲ್ಸಿಯಂ ಕ್ಲೋರೈಡ್ ನೀರನ್ನ ಓದಿ ನೋಡಿ, ಇನ್ನೂ ಚೆಲ್ಲಿಲ್ಲ ಅಂದ್ರೆ.